ಹೈಬ್ರಿಡ್ ಕಾರೋ, ಪೆಟ್ರೋಲ್ ಕಾರೋ: ಕೊಪ್ಪಳದ ದಾರಿಯಲ್ಲಿ ಹಾಕಿದ ಲೆಕ್ಕ

ಹೈಬ್ರಿಡ್ ಎಂಬ ಮಾತು ಬೆಳೆಗಾರರಾದ ನಮಗೆ ಹೊಸದಲ್ಲ. ರೊಬಸ್ಟಾ ಇರುವವರ ಮನೆಯಲ್ಲಿ ಸಿ.ಎಕ್ಸ್.ಆರ್. ಹೆಸರು ಕೇಳದವರಿಲ್ಲ. 1980ರ ದಶಕದಲ್ಲಿ ಕಾವೇರಿ ತಳಿ ಬಂದಾಗ ಅರೇಬಿಕಾದವರು ಅದನ್ನು ಎಷ್ಟು ಸಂಭ್ರಮದಿಂದ ನೆಟ್ಟರು, ತುಕ್ಕು ರೋಗ ಅದಕ್ಕೂ ತಾಗತೊಡಗಿದ ಮೇಲೆ ಎಷ್ಟು ಸಂಕಟಪಟ್ಟರು ಎಂಬುದೂ ಹಿರಿಯ ಸದಸ್ಯರಿಗೆ ನೆನಪಿದೆ. ಅಡಿಕೆಯಲ್ಲಿಯೂ ವಿಟ್ಲದ ಕೇಂದ್ರದವರು ಗಿಡ್ಡ ಹೈಬ್ರಿಡ್‌ಗಳನ್ನು ಹೊರತಂದಿದ್ದಾರೆ. ತೋಟದಲ್ಲಿದ್ದ ಈ ಮಾತು ಈಗ ಕಾರಿನ ಕೊಟ್ಟಿಗೆಗೆ ಬಂದಿದೆ. ಸಂಘದ ವಾಹನ ಸಾಲಕ್ಕೆ ಬರುವ ಅರ್ಜಿಗಳಲ್ಲಿ ಹೈಬ್ರಿಡ್ ಎಂಬ ಪದ ಹೆಚ್ಚುಹೆಚ್ಚಾಗಿ ಕಾಣಿಸುತ್ತಿದೆ. ಸಂಘದ ಹಳೆಯ ಜೀಪಿಗೂ ಬದಲು ವಾಹನ ಕೊಳ್ಳಬೇಕಾಗಿದ್ದು, ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯ ಎರಡು ಸಲ ಚರ್ಚೆಗೆ ಬಂದು ಎರಡು ಸಲವೂ ಕಾಫಿ ಕುಡಿಯುವುದರಲ್ಲಿ ಮುಗಿಯಿತು. ಆದುದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಇದು ಮಂಡಳಿಯ ನಿರ್ಣಯವಲ್ಲ.

ಮೊದಲು ವಸ್ತು ಏನೆಂದು ತಿಳಿಯೋಣ. ನಮ್ಮ ಸದಸ್ಯರು ಕೇಳುತ್ತಿರುವುದು ಮುಖ್ಯವಾಗಿ ಎರಡು ಗಾಡಿಗಳನ್ನು: ಟೊಯೋಟಾದ ಹೈರೈಡರ್ ಮತ್ತು ಮಾರುತಿಯ ಗ್ರಾಂಡ್ ವಿಟಾರಾ. ಹೆಸರು ಎರಡಾದರೂ ಒಡಲು ಒಂದೇ. 2022ರಲ್ಲಿ ಎರಡೂ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಹೊರಬಂದವು. ಇವುಗಳಲ್ಲಿ ಪೆಟ್ರೋಲ್ ಗಾಡಿಯೂ ಉಂಟು, ಹೈಬ್ರಿಡ್ ಗಾಡಿಯೂ ಉಂಟು. ಇಲ್ಲಿ ಒಂದು ಮೋಸಹೋಗುವ ಜಾಗವಿದೆ. ಪೆಟ್ರೋಲ್ ಗಾಡಿಗೂ ಅಂಗಡಿಯವರು ‘ಸ್ಮಾರ್ಟ್ ಹೈಬ್ರಿಡ್’ ಎಂದೇ ಹೆಸರಿಟ್ಟಿದ್ದಾರೆ. ಅದರಲ್ಲಿರುವುದು ಇಂಜಿನಿನ ಬೆಲ್ಟಿಗೆ ಕೂಡಿಸಿದ ಒಂದು ಸಣ್ಣ ಮೋಟಾರು. ಸಿಗ್ನಲಿನಲ್ಲಿ ನಿಂತು ಹೊರಡುವಾಗ ಇಂಜಿನಿಗೆ ಕೊಂಚ ಕೈಜೋಡಿಸುತ್ತದೆಯೇ ಹೊರತು ಗಾಡಿಯನ್ನು ತಾನೇ ಒಂದು ಮಾರು ಕೂಡ ಎಳೆಯಲಾರದು. ನಿಜವಾದ ಹೈಬ್ರಿಡ್‌ಗೆ ‘ಸ್ಟ್ರಾಂಗ್ ಹೈಬ್ರಿಡ್’ ಎನ್ನುತ್ತಾರೆ. ಅದರಲ್ಲಿ ಒಂದೂವರೆ ಲೀಟರಿನ ಮೂರು ಸಿಲಿಂಡರಿನ ಇಂಜಿನು, ಜೊತೆಗೆ ಗಾಡಿಯನ್ನು ಎಳೆಯಬಲ್ಲ ವಿದ್ಯುತ್ ಮೋಟಾರು, ಹಿಂದೆ ಸಾಮಾನು ಇಡುವ ಜಾಗದ ಕೆಳಗೆ ಲಿಥಿಯಂ ಬ್ಯಾಟರಿ ಇವೆ. ಬ್ರೇಕು ಒತ್ತಿದಾಗ, ಇಳಿಜಾರಿನಲ್ಲಿ ಬಿಟ್ಟಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ನಿಧಾನವಾಗಿ ಹೋಗುವಾಗ ಇಂಜಿನು ನಿಂತು ಮೋಟಾರೇ ಎಳೆಯುತ್ತದೆ. ಹೊರಗಿನಿಂದ ಕರೆಂಟು ಕೊಡುವ ಪ್ರಶ್ನೆಯೇ ಇಲ್ಲ.

ಕಂಪನಿಯವರು ಹೇಳುವ ಮೈಲೇಜು ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ., ಗೇರು ಹಾಕುವ ಪೆಟ್ರೋಲ್ ಗಾಡಿಗೆ 21.11 ಕಿ.ಮೀ. ಈ ಅಂಕಿಗಳು ಪರೀಕ್ಷಾ ಶಾಲೆಯವು. ನಮ್ಮ ರಸ್ತೆಗಳಿಗೆ ಬಂದಾಗ ಎಷ್ಟಾದೀತು ಎಂದು ನೋಡುವ ಅವಕಾಶ ಕಳೆದ ನವೆಂಬರಿನಲ್ಲಿ ತಾನಾಗಿ ಒದಗಿತು.

ಕೊಯ್ಲಿಗೆ ಮುಂಚೆ ನಾವು ಕೊಪ್ಪಳದ ಕಡೆಗೆ ಹೋಗಿಬರುವುದು ಸದಸ್ಯರಿಗೆಲ್ಲ ಗೊತ್ತಿದೆ. ಕಾಫಿ ಕೊಯ್ಯಲು ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ನೆಲದ ಊರುಗಳಿಂದ ಬರುವ ಜನರಿಲ್ಲದಿದ್ದರೆ ನಮ್ಮ ಎಷ್ಟೋ ಸಣ್ಣ ತೋಟಗಳಲ್ಲಿ ಹಣ್ಣು ಗಿಡದಲ್ಲೇ ಒಣಗಬೇಕಾದೀತು. ಮೇಸ್ತ್ರಿಗಳನ್ನು ಕಂಡು, ಎಷ್ಟು ಜನ, ಯಾವ ವಾರ, ಮಕ್ಕಳ ಶಾಲೆಗೆ ಏನು ಏರ್ಪಾಡು, ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಎಷ್ಟು ದಿನ ರಜೆ ಎಂಬುದನ್ನೆಲ್ಲ ಎದುರುಬದುರು ಕೂತು ಮಾತಾಡಿಕೊಳ್ಳದೆ ಫೋನಿನಲ್ಲಿ ಮುಗಿಸಿದ ವರ್ಷ ಪಟ್ಟ ಪಾಡು ನಮಗೆ ಸಾಕಾಗಿದೆ. ಬರುವಾಗ ಗಂಗಾವತಿಯಲ್ಲಿ ಲೈನುಮನೆಗಳಿಗೆ ಬೇಕಾದ ಅಕ್ಕಿಗೂ ಮಾತು ಕೊಟ್ಟು ಬರುತ್ತೇವೆ.

ಈ ಸಲ ಎರಡು ಗಾಡಿ ಹೊರಟವು. ನಮ್ಮದು ಪೆಟ್ರೋಲ್; ನಿರ್ದೇಶಕರೊಬ್ಬರದು ಹೈಬ್ರಿಡ್. ಕಡೂರು, ಹೊಸದುರ್ಗ, ಚಿತ್ರದುರ್ಗ, ಹೊಸಪೇಟೆ ದಾರಿಯಾಗಿ ಕೊಪ್ಪಳಕ್ಕೆ ಸುಮಾರು ಮುನ್ನೂರು ಕಿ.ಮೀ. ಆಮೇಲೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಾಟ. ಎರಡರಲ್ಲೂ ಮೂವರು ಮೂವರು ಕೂತಿದ್ದೆವು. ಹೊರಡುವಾಗ ಒಂದೇ ಬಂಕಿನಲ್ಲಿ ಭರ್ತಿ ಮಾಡಿಸಿ, ದಾರಿಯುದ್ದಕ್ಕೂ ಪುಸ್ತಕದಲ್ಲಿ ಬರೆಯುತ್ತ ಹೋದೆವು.

ಕಂಡದ್ದು ಇಷ್ಟು. ಚಿತ್ರದುರ್ಗ ದಾಟಿ ಹೆದ್ದಾರಿ 50ಕ್ಕೆ ಬಿದ್ದ ಮೇಲೆ, ಕೂಡ್ಲಿಗಿ ಕಳೆದು ಹೊಸಪೇಟೆಯ ತನಕ, ಎರಡು ಗಾಡಿಗಳ ನಡುವೆ ಅಂತರ ತೀರ ದೊಡ್ಡದಿರಲಿಲ್ಲ. ಒಂದೇ ವೇಗದಲ್ಲಿ ನೇರ ರಸ್ತೆಯಲ್ಲಿ ಓಡುವಾಗ ಬ್ರೇಕು ಒತ್ತುವ ಕೆಲಸವಿಲ್ಲ, ಬ್ಯಾಟರಿಗೆ ಪುಕ್ಕಟೆ ವಿದ್ಯುತ್ ಸಿಗುವುದಿಲ್ಲ, ಇಂಜಿನೇ ದುಡಿಯಬೇಕು. ಗಂಗಾವತಿ ಪೇಟೆಯೊಳಗೆ ಹೊಕ್ಕಾಗ ಮಾತ್ರ ಹೈಬ್ರಿಡ್ ತನ್ನ ಗುಣ ತೋರಿಸಿತು. ಭತ್ತದ ಸುಗ್ಗಿ; ಟ್ರ್ಯಾಕ್ಟರುಗಳು, ಲಾರಿಗಳು, ಅಕ್ಕಿ ಗಿರಣಿಗಳ ಮುಂದೆ ಸಾಲು. ಹತ್ತು ಮಾರು ಹೋಗುವುದು, ನಿಲ್ಲುವುದು. ನಮ್ಮ ಪೆಟ್ರೋಲ್ ಗಾಡಿ ನಿಂತಲ್ಲಿ ಎಣ್ಣೆ ಕುಡಿಯುತ್ತಿದ್ದರೆ, ಆ ಗಾಡಿ ಸದ್ದಿಲ್ಲದೆ ಹರಿಯುತ್ತಿತ್ತು. ಅದರ ತಂಪು ಯಂತ್ರವೂ ಇಂಜಿನಿನ ಬೆಲ್ಟಿನಿಂದಲ್ಲ, ವಿದ್ಯುತ್ತಿನಿಂದ ನಡೆಯುವಂಥದು. ಇಂಜಿನು ನಿಂತರೂ ತಂಪು ಬರುತ್ತದೆ. ಏಪ್ರಿಲಿನಲ್ಲಿ ಕೊಪ್ಪಳದ ಬಿಸಿಲು ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಒಟ್ಟು ಪ್ರವಾಸದಲ್ಲಿ ಹೈಬ್ರಿಡ್ ಲೀಟರಿಗೆ ನಾಲ್ಕೈದು ಕಿ.ಮೀ. ಹೆಚ್ಚು ಕೊಟ್ಟಿತು. ಇದು ಸಣ್ಣ ಮಾತಲ್ಲ, ಒಪ್ಪಿಕೊಳ್ಳುತ್ತೇವೆ.

ಯಲಬುರ್ಗಾ ಹತ್ತಿರದ ಹಳ್ಳಿಯಲ್ಲಿ ನಮ್ಮ ಮೇಸ್ತ್ರಿ ಆ ಗಾಡಿಯನ್ನು ಸುತ್ತುಹಾಕಿ ನೋಡಿ ಕೇಳಿದ್ದು: “ಸಾಹುಕಾರ್ರ, ಇದಕ್ಕ ಕರೆಂಟ್ ಎಲ್ಲಿ ಹಚ್ಚತೀರಿ? ನಮ್ಮೂರಾಗ ರಾತ್ರಿ ಕರೆಂಟ್ ಇರಂಗಿಲ್ರಿ.”

“ಹಚ್ಚುವುದೇ ಬೇಡ ಮೇಸ್ತ್ರಿ, ತಾನೇ ಮಾಡಿಕೊಳ್ಳುತ್ತದೆ.”

“ಹಂಗಾದ್ರ ಎಣ್ಣಿ ಹಾಕಂಗಿಲ್ಲೇನ್ರಿ?”

“ಎಣ್ಣೆ ಹಾಕಬೇಕು. ಸ್ವಲ್ಪ ಕಡಿಮೆ.”

“ಮತ್ತ ಕರೆಂಟಿನ ಗಾಡಿ ಅಂತ ಯಾಕಂತಾರ್ರಿ?”

ನಿರ್ದೇಶಕರು ನಕ್ಕರು. ನಮಗೆ ಮಾತ್ರ ಆ ಪ್ರಶ್ನೆ ಊರಿಗೆ ಬರುವವರೆಗೂ ತಲೆಯಲ್ಲಿತ್ತು. ಈ ಗಾಡಿಯ ಬ್ಯಾಟರಿಯ ಅಳತೆ 0.76 ಯೂನಿಟ್. ನಮ್ಮ ಐದು ಎಚ್.ಪಿ. ಪಂಪ್‌ಸೆಟ್ಟಿಗೆ ಅಷ್ಟೇ ಕರೆಂಟು ಕೊಟ್ಟರೆ ಹನ್ನೆರಡು ನಿಮಿಷ ಓಡೀತು. ಅಂದರೆ ಅದು ಟ್ಯಾಂಕಲ್ಲ, ಚೊಂಬು. ಮೇಲೆ ಬಿದ್ದದ್ದನ್ನು ಹಿಡಿದು ಕೂಡಲೇ ಚೆಲ್ಲುವ ಪಾತ್ರೆ. ನಮ್ಮವರಲ್ಲಿ ಕೆಲವರು, “ನಾವು ಘಾಟಿಯವರು, ಇಳಿಜಾರು ಬೇಕಾದಷ್ಟಿದೆ, ಪುಕ್ಕಟೆ ವಿದ್ಯುತ್ ನಮಗೇ ಹೆಚ್ಚು” ಎಂದು ವಾದಿಸುತ್ತಾರೆ. ಲೆಕ್ಕ ಹಾಗಿಲ್ಲ. ಜನ, ಸಾಮಾನು ಸೇರಿ ಒಂದೂವರೆ ಸಾವಿರ ಕಿಲೋ ತೂಗುವ ಗಾಡಿ ಸಾವಿರ ಅಡಿ ಕೆಳಗಿಳಿದರೆ ಹೊರಬರುವ ಶಕ್ತಿ ಸುಮಾರು ಒಂದೂಕಾಲು ಯೂನಿಟ್. ಚಕ್ರದ ತಿಕ್ಕಾಟ, ಗಾಳಿಯ ತಡೆ ಎಂದು ಅದರಲ್ಲಿ ಒಂದಷ್ಟು ಹೋದರೂ, ಚಾರ್ಮಾಡಿಯಂಥ ಘಾಟಿಯಲ್ಲಿ ಅರ್ಧ ಇಳಿಯುವುದರೊಳಗೆ ಚೊಂಬು ತುಂಬಿರುತ್ತದೆ. ಮಿಕ್ಕದ್ದೆಲ್ಲ ಹಿಂದಿನಂತೆ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮತ್ತೆ ಹತ್ತುವಾಗ ಎಳೆಯುವುದು ಪೆಟ್ರೋಲೇ. ಸಣ್ಣ ಸಣ್ಣ ಏರುತಗ್ಗು, ಪೇಟೆಯ ನಿಂತುಹೊರಡುವ ಓಡಾಟ ಇವೇ ಹೈಬ್ರಿಡ್‌ನ ನಿಜವಾದ ಹೊಲ.

ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ನಿರ್ದೇಶಕರ ಗಾಡಿಯ ಮುಂದೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಗಾಡಿ ಓಡುತ್ತಲೇ ಇತ್ತು, ಆದರೂ ಎದೆ ಹಾರಿತು. ಊರೊಂದರ ಮೆಕ್ಯಾನಿಕ್ ಬಾನೆಟ್ ತೆಗೆದು, ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ನೋಡಿ, “ಇದಕ್ಕ ಕೈ ಹಚ್ಚಂಗಿಲ್ರೀ ಯಜಮಾನ್ರ” ಎಂದು ಬಾನೆಟ್ ಮುಚ್ಚಿಬಿಟ್ಟ. ಬುದ್ಧಿವಂತ. ಆ ತಂತಿಗಳಲ್ಲಿ ಹರಿಯುವುದು ಪ್ರಾಣ ತೆಗೆಯಬಲ್ಲ ವಿದ್ಯುತ್. ದೀಪ ಮರುದಿನ ಕಂಪನಿಯ ಸರ್ವಿಸಿನಲ್ಲಿ ಆರಿತು. ಕಾರಣ ಇಲಿ ಕಡಿದ ಒಂದು ಸಣ್ಣ ತಂತಿ. ಇಲಿ ಪೆಟ್ರೋಲ್ ಗಾಡಿಯ ತಂತಿಯನ್ನೂ ಕಡಿಯುತ್ತದೆ, ನಮ್ಮ ಕಾಫಿ ಗೋದಾಮಿನ ಪಕ್ಕ ನಿಂತ ಯಾವ ಗಾಡಿಯನ್ನೂ ಅದು ಬಿಟ್ಟಿಲ್ಲ. ಆದರೆ ಪೆಟ್ರೋಲ್ ಗಾಡಿಯಾದರೆ ನಮ್ಮ ಪೇಟೆಯ ಮೆಕ್ಯಾನಿಕ್ ಗೊಣಗುತ್ತಾದರೂ ಸಂಜೆಯೊಳಗೆ ಬೆಸೆದು ಕೊಡುತ್ತಾನೆ. ಇನ್ನೊಂದು ಮಾತು: ಹೈಬ್ರಿಡ್‌ನ ಬ್ಯಾಟರಿಯನ್ನು ತಂಪಾಗಿಡಲು ಗಾಡಿಯೊಳಗಿನ ಗಾಳಿಯನ್ನೇ ಎಳೆದುಕೊಳ್ಳುವ ಕಿಂಡಿಯಿದೆ. ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಧೂಳು ನುಂಗಿ ಬಂದ ಗಾಡಿಗೂ, ಒಳಗೆ ಅಡಿಕೆ ಚೀಲ ಹೇರುವ ನಮ್ಮ ಗಾಡಿಗೂ ಆ ಕಿಂಡಿ ಮುಚ್ಚದಂತೆ ನೋಡಿಕೊಳ್ಳುವ ಕೆಲಸವೊಂದು ಹೆಚ್ಚು.

ಗಂಗಾವತಿಯಲ್ಲಿ ನಾವು ಅಕ್ಕಿ ಕೊಳ್ಳುವ ಗಿರಣಿಯ ಯಜಮಾನರ ಬಳಿಯೂ ಇಂಥದೇ ಹೈಬ್ರಿಡ್ ಇದೆ. ನಮ್ಮ ಪುಸ್ತಕ ನೋಡಿ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇವೆ: “ನೀವು ವರ್ಷಕ್ಕೊಮ್ಮೆ ಈ ಕಡೆ ಬರಾವ್ರು. ನಾ ದಿನಾ ಕಾರಟಗಿ, ಸಿಂಧನೂರು, ಕೊಪ್ಪಳ ಅಂತ ತಿರಗಾಂವ. ವರ್ಷಕ್ಕ ಐವತ್ತು ಸಾವಿರ ಕಿಲೋಮೀಟರ್ ಆಗತೈತಿ. ನನಗ ಲೆಕ್ಕಾ ಕೂಡತೈತಿ. ನಿಮಗ ಕೂಡಂಗಿಲ್ರಿ.”

ಹಾಗಾದರೆ ಆ ಲೆಕ್ಕವನ್ನೇ ಮಾಡಿನೋಡೋಣ. 2022ರ ಸೆಪ್ಟೆಂಬರಿನಲ್ಲಿ ಗ್ರಾಂಡ್ ವಿಟಾರಾ ಬಂದಾಗ ಷೋರೂಮ್ ಬೆಲೆ ಹೀಗಿತ್ತು: ಜೀಟಾ ಎಂಬ ದರ್ಜೆಯ ಪೆಟ್ರೋಲ್ ಗಾಡಿ ಗೇರಿನದಾದರೆ 13.89 ಲಕ್ಷ, ಆಟೋಮ್ಯಾಟಿಕ್ ಆದರೆ 15.39 ಲಕ್ಷ, ಹೈಬ್ರಿಡ್‌ನಲ್ಲಿ ಅಗ್ಗದ್ದು 17.99 ಲಕ್ಷ. ಅಂದಿನಿಂದ ಬೆಲೆಗಳು ಮೇಲೆ ಕೆಳಗೆ ಆಗಿವೆ. ಇಂದಿನ ದರವನ್ನು ಸದಸ್ಯರು ವಿಚಾರಿಸಿ ಇದೇ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಹೈಬ್ರಿಡ್‌ನಲ್ಲಿ ಗೇರಿಲ್ಲದ್ದರಿಂದ ನ್ಯಾಯವಾಗಿ ಅದನ್ನು ಆಟೋಮ್ಯಾಟಿಕ್ ಪೆಟ್ರೋಲಿನ ಜೊತೆ ಹೋಲಿಸಬೇಕು. ಅಂತರ 2.60 ಲಕ್ಷ. ಹೈಬ್ರಿಡ್‌ನಲ್ಲಿ ಒಂದೆರಡು ಸೌಕರ್ಯ ಹೆಚ್ಚಿವೆ ಎಂಬುದನ್ನು ಸದ್ಯ ಬದಿಗಿಡೋಣ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ಶೇ. 17. ಅದರ ಮೇಲಿನ ಸೆಸ್ಸನ್ನು ಬಿಟ್ಟರೂ ಅಂತರ 3.04 ಲಕ್ಷವಾಯಿತು. ಗೇರಿನ ಗಾಡಿ ಸಾಕೆನ್ನುವವರಿಗೆ, ನಮ್ಮಲ್ಲಿ ಬಹುಮಂದಿ ಅಂಥವರೇ, ಅಂತರ 4.80 ಲಕ್ಷದ ಹತ್ತಿರ ಬರುತ್ತದೆ.

ಇನ್ನು ಉಳಿತಾಯ. ಕಂಪನಿಯ ಅಂಕಿಯಲ್ಲಿ ಕಾಲುಭಾಗ ಕಳೆಯುವುದು ನಮ್ಮ ಪದ್ಧತಿ. ಪೆಟ್ರೋಲಿಗೆ ಲೀಟರಿಗೆ 16, ಹೈಬ್ರಿಡ್‌ಗೆ 21 ಎಂದಿಟ್ಟುಕೊಳ್ಳಿ. ನಮ್ಮ ಪ್ರವಾಸದ ಪುಸ್ತಕವೂ ಇದಕ್ಕೆ ಹೆಚ್ಚು ದೂರವಿಲ್ಲ. (2025ರಲ್ಲಿ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆತ ಮೇಲೆ ಎರಡಕ್ಕೂ ಕೊಂಚ ಇಳಿತ ಉಂಟು. ಯಲಬುರ್ಗಾದ ಮೆಕ್ಕೆಜೋಳಕ್ಕೆ ಅದರಿಂದ ನಾಲ್ಕು ಕಾಸು ಸಿಕ್ಕೀತು ಎಂಬುದಷ್ಟೇ ಸಮಾಧಾನ.) ಲೀಟರಿಗೆ 103 ರೂ. ಹಿಡಿದು, ಸಾಮಾನ್ಯ ಬೆಳೆಗಾರ ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತಾನೆಂದರೆ ಪೆಟ್ರೋಲ್ ಗಾಡಿಗೆ 750 ಲೀಟರ್, ಹೈಬ್ರಿಡ್‌ಗೆ 571 ಲೀಟರ್. ಉಳಿಯುವುದು ಸುಮಾರು 18,400 ರೂ. ಈ ಪ್ರಕಾರ 3.04 ಲಕ್ಷ ಕೈಗೆ ಮರಳಿ ಬರಲು ಹದಿನಾರೂವರೆ ವರ್ಷ ಬೇಕು. ಗೇರಿನ ಗಾಡಿಗೆ ಹೋಲಿಸಿದರೆ ಇಪ್ಪತ್ತಾರು ವರ್ಷ. ಅಲ್ಲಿಗೇ ನಿಲ್ಲುವುದಿಲ್ಲ. ಹೆಚ್ಚಿಗೆ ಕೊಟ್ಟ ಆ 3.04 ಲಕ್ಷ ಸಾಲದ ಹಣವಾದರೆ, ಶೇ. 9ರಂತೆ ಮೊದಲ ವರ್ಷದ ಬಡ್ಡಿಯೇ 27,000 ರೂ. ಮೇಲಾಯಿತು. ಉಳಿದ ಪೆಟ್ರೋಲು ಬಡ್ಡಿಗೇ ಸಾಲದು. ಗಂಗಾವತಿಯ ಯಜಮಾನರಿಗೆ ವರ್ಷಕ್ಕೆ 76,000 ರೂ. ಮೇಲೆ ಉಳಿಯುತ್ತದೆ, ನಾಲ್ಕು ವರ್ಷದಲ್ಲಿ ಅಸಲು ಬಂತು. ಅವರ ಮಾತು ಸರಿ, ಗಾಡಿಯೂ ಸರಿ.

ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ಯಾಟರಿಗೆ ಕಂಪನಿಯ ಖಾತರಿ 8 ವರ್ಷ ಅಥವಾ 1,60,000 ಕಿ.ಮೀ. ಅಸಲು ಮರಳುವುದು ಸುಮಾರು ಎರಡು ಲಕ್ಷ ಕಿ.ಮೀ. ಆದ ಮೇಲೆ. ಅಂದರೆ ಲಾಭ ಶುರುವಾಗುವ ದಿನ ಖಾತರಿ ಮುಗಿದು ಬಹಳ ಕಾಲವಾಗಿರುತ್ತದೆ. ಟೊಯೋಟಾದವರ ಹೈಬ್ರಿಡ್‌ಗಳು ಪರದೇಶಗಳಲ್ಲಿ ದೀರ್ಘಕಾಲ ಬಾಳಿವೆ, ಪ್ರಿಯಸ್ ಎಂಬ ಅವರ ಮೊದಲ ಗಾಡಿ ಜಪಾನಿನಲ್ಲಿ ಹೊರಬಂದದ್ದು 1997ರಲ್ಲಿ. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕು ತಾಲ್ಲೂಕುಗಳ ಜಿಲ್ಲೆಯಾದದ್ದೂ ಅದೇ ವರ್ಷ. ಆದ್ದರಿಂದ ಇದು ನಿನ್ನೆ ಮೊನ್ನೆಯ ವಿದ್ಯೆಯೇನಲ್ಲ, ಬ್ಯಾಟರಿ ಒಂಬತ್ತನೆಯ ವರ್ಷ ಸತ್ತೇಹೋಗುತ್ತದೆ ಎಂದು ನಾವು ಹೆದರಿಸುತ್ತಿಲ್ಲ. ಆದರೆ ಸಣ್ಣ ಬೆಳೆಗಾರ ಹೊರಬೇಕಾದ ಅಪಾಯ ಅದಲ್ಲ ಎಂದಷ್ಟೇ ನಮ್ಮ ಮಾತು.

ತೋಟದ ಕೆಲಸಕ್ಕೆ ಬಂದರೆ ಇನ್ನೂ ಎರಡು ಸಂಗತಿ ಪೆಟ್ರೋಲಿನ ಕಡೆಗೇ ವಾಲುತ್ತವೆ. ನಾಲ್ಕು ಚಕ್ರಕ್ಕೂ ಬಲ ಕೊಡುವ ಏರ್ಪಾಡು ಈ ಗಾಡಿಗಳಲ್ಲಿ ಪೆಟ್ರೋಲಿಗೆ ಮಾತ್ರ ಸಿಗುತ್ತದೆ, ಸ್ಟ್ರಾಂಗ್ ಹೈಬ್ರಿಡ್‌ಗೆ ಇಲ್ಲ. ಆಷಾಢದಲ್ಲಿ ತೋಟದ ಮಣ್ಣು ರಸ್ತೆ ಹತ್ತುವವರಿಗೆ ಮೈಲೇಜಿಗಿಂತ ಇದು ದೊಡ್ಡದು. ಇನ್ನೊಂದು, ಹಿಂದಿನ ಸಾಮಾನಿನ ಜಾಗ ಪೆಟ್ರೋಲಿನಲ್ಲಿ 373 ಲೀಟರ್ ಅಳತೆಯಿದ್ದರೆ ಬ್ಯಾಟರಿ ಕೂತದ್ದರಿಂದ ಹೈಬ್ರಿಡ್‌ನಲ್ಲಿ 265 ಲೀಟರ್. ನಿರ್ದೇಶಕರ ಗಾಡಿಯಲ್ಲಿ ಹಿಡಿಸದ ಅಕ್ಕಿಯ ಮಾದರಿ ಚೀಲಗಳು ಕೊನೆಗೆ ನಮ್ಮ ಗಾಡಿಗೇ ಬಂದವು.

ತೆರಿಗೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಸರಿಯಾಗದು. 2025ರ ಸೆಪ್ಟೆಂಬರ್ 22ರವರೆಗೆ ಈ ಅಳತೆಯ ಪೆಟ್ರೋಲ್ ಗಾಡಿಗೆ ಜಿ.ಎಸ್.ಟಿ., ಸೆಸ್ ಸೇರಿ ಶೇ. 45, ಹೈಬ್ರಿಡ್‌ಗೆ ಶೇ. 43 ಇತ್ತು. ಈಗ ಎರಡಕ್ಕೂ ಶೇ. 40. ಇದ್ದ ಎರಡು ಪಾಲಿನ ರಿಯಾಯಿತಿಯೂ ಹೋಯಿತು. ಪೂರ್ತಿ ವಿದ್ಯುತ್ ಕಾರಿಗೆ ಶೇ. 5 ಮಾತ್ರ. ಉತ್ತರ ಪ್ರದೇಶ ಸರಕಾರ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟಿತು. ಆ ಗಾಡಿ ಹುಟ್ಟಿದ ಬಿಡದಿ ಇರುವ ನಮ್ಮ ರಾಜ್ಯದಲ್ಲಿ, ಗಾಡಿಯ ಹೆಚ್ಚಿನ ಬೆಲೆಯ ಮೇಲೂ ಶೇ. 17 ಕೊಡಬೇಕು. ಎಣ್ಣೆ ಉಳಿಸಿ ಎಂದು ಹೇಳುವವರೇ ಎಣ್ಣೆ ಉಳಿಸುವ ಯಂತ್ರದ ಮೇಲೆ ಹೆಚ್ಚು ತೆರಿಗೆ ಎತ್ತುವುದು ನಮಗೆ ಅರ್ಥವಾಗದ ಅರ್ಥಶಾಸ್ತ್ರ. ಆ ತೆರಿಗೆ ಇಳಿದ ದಿನ ನಾವೂ ಈ ಲೆಕ್ಕವನ್ನು ಹೊಸದಾಗಿ ಹಾಕುತ್ತೇವೆ.

ಇಷ್ಟೆಲ್ಲ ಬರೆಯಲು ಕಾರಣ ಗಾಡಿಯ ಮೇಲಿನ ಮುನಿಸಲ್ಲ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ದರ ಏರಿದಾಗ ನಮಗೆ ಇಪ್ಪತ್ತರ ಹರೆಯ. ನಮ್ಮ ಹೋಬಳಿಯಲ್ಲಿ ಆ ಒಂದೆರಡು ವರ್ಷದಲ್ಲಿ ಬಂದಷ್ಟು ಹೊಸ ಕಾರು ಅದಕ್ಕೆ ಮುಂಚೆ ಬಂದಿರಲಿಲ್ಲ. ನಮ್ಮ ಮನೆಗೂ ಒಂದು ಬಂತು, ಸಾಲದಲ್ಲಿ. 2001–02ರಲ್ಲಿ ದರ ನೆಲಕ್ಕೆ ಬಿದ್ದಾಗ ಅದೇ ಕಾರನ್ನು ತಂದೆಯವರು ಕೂಲಿ ಬಟವಾಡೆಗಾಗಿ ಸಿಕ್ಕ ಬೆಲೆಗೆ ಕೊಟ್ಟರು. ಕೊಂಡವನು ಕೀಲಿ ತೆಗೆದುಕೊಂಡು ಹೋಗುವಾಗ ಅವರು ಕಣದಲ್ಲಿ ಕಾಫಿ ಹರಗುತ್ತಿದ್ದರು, ತಲೆ ಎತ್ತಿ ನೋಡಲಿಲ್ಲ. 2024–25ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ದರ ಕಂಡಿತು. ಅರ್ಜಿಗಳು ಹೆಚ್ಚಿದ್ದು ಅದರ ಬೆನ್ನಿಗೇ. ಅಡಿಕೆಯವರಿಗೆ ದರವಿದ್ದರೂ ಎಲೆಚುಕ್ಕೆ ರೋಗ ತೋಟದಿಂದ ತೋಟಕ್ಕೆ ನಡೆದಿದೆ. ಔಷಧಿ, ಕೊನೆಗಾರರ ಕೂಲಿ, ಎತ್ತರದ ಮರಕ್ಕೆ ದೋಟಿ ಎಲ್ಲಕ್ಕೂ ಹಣ ಬೇಕು. ಮೂರು ಲಕ್ಷವೆಂದರೆ ಸಣ್ಣ ಬೆಳೆಗಾರನಿಗೆ ಒಂದು ಸಿಮೆಂಟ್ ಕಣದ ಮಾತು.

ದಿನಕ್ಕೆ ನೂರು ನೂರೈವತ್ತು ಕಿ.ಮೀ. ತಿರುಗುವ ವ್ಯಾಪಾರದ ಸದಸ್ಯರು, ಮಂಗಳೂರು ಬೆಂಗಳೂರು ಪೇಟೆಯೊಳಗೆ ವಾಸವಿದ್ದು ತೋಟಕ್ಕೆ ಬಂದುಹೋಗುವವರು ಹೈಬ್ರಿಡ್ ಕೊಂಡರೆ ನಮ್ಮ ಆಕ್ಷೇಪವಿಲ್ಲ. ಇಂಜಿನಿನ ಸದ್ದಿಲ್ಲದ ಸುಖಕ್ಕೇ ಕೊಳ್ಳುತ್ತೇವೆ ಎನ್ನುವವರಿಗೂ ಇಲ್ಲ. ಆದರೆ ಅದನ್ನು ಉಳಿತಾಯವೆಂದು ಅರ್ಜಿಯಲ್ಲಿ ಬರೆಯಬಾರದು. ಮಿಕ್ಕವರಿಗೆ ಪೆಟ್ರೋಲ್ ಗಾಡಿ, ಅದೂ ಗೇರಿನದು, ಮಣ್ಣು ರಸ್ತೆ ಕಡಿದಾಗಿದ್ದರೆ ನಾಲ್ಕು ಚಕ್ರದ ಬಲವಿರುವುದು. ಸಂಘದ ವಾಹನ ವರ್ಷಕ್ಕೆ ಇಪ್ಪತ್ತು ಸಾವಿರ ಕಿ.ಮೀ. ಮೀರಿ ಓಡುವುದಿಲ್ಲವಾದ್ದರಿಂದ ಅದಕ್ಕೂ ಪೆಟ್ರೋಲನ್ನೇ ನಾವು ಸಭೆಯಲ್ಲಿ ಸೂಚಿಸಲಿದ್ದೇವೆ. ಹೈಬ್ರಿಡ್ ಇರುವ ನಿರ್ದೇಶಕರು ಎದುರು ಮಾತಾಡುವುದಾಗಿ ಈಗಲೇ ತಿಳಿಸಿದ್ದಾರೆ. ಅವರ ಉತ್ತರ ಮುಂದಿನ ಸಂಚಿಕೆಯಲ್ಲಿ ಬರಲಿ.

ಕೊಪ್ಪಳ ಪ್ರವಾಸದ ಪುಸ್ತಕ ಕಛೇರಿಯಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು. ವಾಹನ ಸಾಲದ ಅರ್ಜಿಯ ಜೊತೆ ಈಗಿರುವ ಗಾಡಿಯ ಕಳೆದ ಮೂರು ವರ್ಷದ ಓಡಾಟದ ಕಿ.ಮೀ. ಬರೆದು ತರಬೇಕಾಗಿ ಕೋರುತ್ತೇವೆ. ಸರ್ವಿಸ್ ಚೀಟಿಗಳಲ್ಲಿ ಅದು ಇರುತ್ತದೆ.